ಸತ್ತ ಮಂಗದ ಸುದ್ದಿ ಅಡಿಕೆ ಧಾರಣೆಯ ಪಕ್ಕದಲ್ಲಿ ಬರಲಿ

ಮಾನ್ಯ ಸಂಪಾದಕರೇ,

ಮಂಗನ ಕಾಯಿಲೆಯ ಬಗ್ಗೆ ನಡೆದ ಮುಂಜಾಗ್ರತಾ ಸಭೆಯ ವರದಿಯನ್ನು ನಿಮ್ಮ ಜಿಲ್ಲಾ ಪುಟದಲ್ಲಿ ಓದಿದೆ. ಪ್ರತಿ ವರ್ಷದಂತೆ ಈ ಸಲವೂ ಕೊನೆಯ ಸಾಲು ಅದೇ: ಸಾರ್ವಜನಿಕರು ಅನಗತ್ಯವಾಗಿ ಕಾಡಿಗೆ ಹೋಗಬಾರದು. ನಾನು ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಡಿಕೆ ತೋಟ ನೋಡಿಕೊಂಡು ತಲೆ ಹಣ್ಣಾಗಿಸಿಕೊಂಡವಳು. ನಮ್ಮ ಸುತ್ತ ಹವಾ ಸೇವನೆಗೆಂದು ಕಾಡಿಗೆ ಹೋದವರನ್ನು ಇಷ್ಟು ವರ್ಷಗಳಲ್ಲಿ ಕಂಡಿಲ್ಲ. ಹೋಗುವವರೆಲ್ಲ ದರಕಿಗೆ, ಸೌದೆಗೆ, ತಪ್ಪಿಸಿಕೊಂಡ ದನ ಹುಡುಕಲಿಕ್ಕೆ ಹೋಗುತ್ತಾರೆ. ಹೋಗದಿದ್ದರೆ ನಡೆಯುವುದಿಲ್ಲ.

ಪೇಟೆಯ ಓದುಗರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಂಕ್ರಾಂತಿಯ ಆಸುಪಾಸಿನಿಂದ ಸೊಪ್ಪಿನ ಬೆಟ್ಟದಲ್ಲಿ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿನಲ್ಲಿ, ಎಲೆ ಉದುರುತ್ತದೆ. ಆ ಒಣ ಎಲೆಯೇ ದರಕು. ಅದನ್ನು ಗುಡಿಸಿ, ರಾಶಿ ಮಾಡಿ, ದೊಡ್ಡ ಹೊರೆ ಕಟ್ಟಿ ತಲೆಯ ಮೇಲೆ ಹೊತ್ತು ತರಬೇಕು. ವರ್ಷವಿಡೀ ಕೊಟ್ಟಿಗೆಗೆ ಹಾಸಲು ಅದೇ ಬೇಕು. ಸಗಣಿ, ಗಂಜಲ ಹೀರಿಕೊಂಡು ಗೊಬ್ಬರವಾಗಿ ಅದು ತೋಟದ ಬುಡಕ್ಕೆ ಹೋಗುತ್ತದೆ. ದರಕು ತರದ ಮನೆಯ ತೋಟ ನಾಲ್ಕೇ ವರ್ಷದಲ್ಲಿ ಸೊರಗುತ್ತದೆ. ಗುಡಿಸುವವರು ಹೆಚ್ಚಾಗಿ ಹೆಂಗಸರು. ಬಗ್ಗಿ ಗುಡಿಸುವುದು, ಮಂಡಿಯೂರಿ ಒತ್ತಿ ತುಂಬುವುದು, ದಣಿವಾದಾಗ ಅದೇ ಎಲೆಯ ಮೇಲೆ ಕುಳಿತು ಕವಳ (ಎಲೆ ಅಡಿಕೆ) ಹಾಕುವುದು. ಮಂಗನ ಕಾಯಿಲೆಯ ವೈರಸ್ ಹೊತ್ತ ಉಣುಗು ಕಾದು ಕುಳಿತಿರುವುದೂ ಅದೇ ಎಲೆಯಡಿ, ಅದೇ ತಿಂಗಳುಗಳಲ್ಲಿ.

ಈ ಉಣುಗಿನ ಪಂಚಾಂಗ ಯಾರಿಗೂ ಗೊತ್ತಿಲ್ಲದ ಗುಟ್ಟಲ್ಲ. ಮಳೆಗಾಲದಲ್ಲಿ ದೊಡ್ಡ ಉಣುಗುಗಳು ದನಕರು ಮತ್ತು ಕಾಡುಪ್ರಾಣಿಗಳ ಮೈಯಲ್ಲಿ ರಕ್ತ ಕುಡಿದು, ನೆಲಕ್ಕೆ ಬಿದ್ದು, ಎಲೆಯಡಿ ಮೊಟ್ಟೆಯಿಡುತ್ತವೆ. ಮಳೆ ನಿಲ್ಲುವ ಹೊತ್ತಿಗೆ ಮರಿಗಳು ಏಳುತ್ತವೆ. ನವೆಂಬರ್ ನಂತರ ಅವು ಎರಡನೆಯ ಹಂತಕ್ಕೆ ಬರುತ್ತವೆ. ರಾಗಿಕಾಳಿನಷ್ಟಿರುವ ಈ ಹಂತದ ಮರಿಯೇ ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದು. ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಜನವರಿಯಿಂದ ಏಪ್ರಿಲ್‌ವರೆಗೆ ಕಾಯಿಲೆ ಏರುತ್ತದೆ, ಜೂನ್ ಮಳೆ ಹಿಡಿದ ಮೇಲೆ ಇಳಿಯುತ್ತದೆ. ಇಷ್ಟು ಖಚಿತವಾಗಿ ದಿನ ಹೇಳಿ ಬರುವ ಸಾಂಕ್ರಾಮಿಕ ರೋಗಗಳು ಹೆಚ್ಚಿಲ್ಲ. ಹೀಗಿದ್ದೂ ನಮ್ಮ ಊರಿಗೆ ಉಣುಗು ಓಡಿಸುವ ಎಣ್ಣೆ ಬರುವುದು ಜನವರಿ ಮುಗಿಯುವಾಗ. ಅಷ್ಟರಲ್ಲಿ ಅರ್ಧ ದರಕು ಮನೆ ಸೇರಿರುತ್ತದೆ.

ಎಣ್ಣೆಯ ವಿಷಯಕ್ಕೆ ಮತ್ತೆ ಬರುತ್ತೇನೆ. ನಾನು ಮುಖ್ಯವಾಗಿ ಬರೆಯಬೇಕೆಂದಿರುವುದು ಸತ್ತ ಮಂಗದ ಬಗ್ಗೆ.

ಈ ವೈರಸ್ ಕಾಡಿನ ಇಲಿ, ಮೂಗಿಲಿಯಂಥ ಸಣ್ಣ ಪ್ರಾಣಿಗಳು ಮತ್ತು ಉಣುಗುಗಳ ನಡುವೆ ಸದ್ದಿಲ್ಲದೆ ಸುತ್ತುತ್ತಿರುತ್ತದೆ. ಕಪ್ಪು ಮೋರೆಯ ಮುಸಿಯಕ್ಕೋ ಕೆಂಪು ಮೋರೆಯ ಮಂಗಕ್ಕೋ ತಗುಲಿದರೆ ಮಾತ್ರ ಆ ಪ್ರಾಣಿ ಉಳಿಯುವುದು ಕಷ್ಟ. ಸತ್ತ ಮಂಗದ ಮೈ ತಣ್ಣಗಾದ ಕೂಡಲೇ ಅದಕ್ಕೆ ಕಚ್ಚಿಕೊಂಡಿದ್ದ ಉಣುಗುಗಳು ಉದುರಿ ಸುತ್ತಲ ನೆಲಕ್ಕೆ ಸೇರುತ್ತವೆ. ಆ ಜಾಗವೇ ಮುಂದಿನ ದಿನಗಳಿಗೆ ಅಪಾಯದ ತಾಣ. ಅದಕ್ಕೇ ಶವದಿಂದ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸಿ, ಶವವನ್ನು ಸುಟ್ಟು, ಸುತ್ತ 50 ಅಡಿಯವರೆಗೆ ಮೆಲಾಥಿಯಾನ್ ಎಂಬ ಕೀಟನಾಶಕ ಪುಡಿ ಎರಚಬೇಕು ಎಂಬ ನಿಯಮವಿದೆ. ಒಳ್ಳೆಯ ನಿಯಮ. ಪುಡಿ ಹಾಕಿದರೆ ಜೇನು ಸಾಯುತ್ತದೆ ಎಂದು ಗೊಣಗುವವರಿದ್ದಾರೆ. ಜೇನುಪೆಟ್ಟಿಗೆ ಇಟ್ಟಿರುವ ನನಗೂ ಆ ಚಿಂತೆಯಿದೆ. ಆದರೆ ಗೊತ್ತಾದ ಒಂದು ಜಾಗಕ್ಕೆ ಅಳತೆಯಲ್ಲಿ ಹಾಕುವುದಕ್ಕೂ ಎಲ್ಲಿ ಸತ್ತಿತೆಂದು ತಿಳಿಯದೆ ಬೇಕಾಬಿಟ್ಟಿ ಎರಚುವುದಕ್ಕೂ ವ್ಯತ್ಯಾಸವಿದೆಯಲ್ಲ.

ನಿಯಮ ನಡೆಯುವ ಬಗೆಯನ್ನು ಕೇಳಿ. ಕೆಲವು ವರ್ಷಗಳ ಹಿಂದೆ ತೋಟದಲ್ಲಿ ಅಡಿಕೆ ಗೊನೆಯ ಕೊಯ್ಲು ನಡೆದಿತ್ತು. ಕೆಲಸಕ್ಕೆ ಬರುವ ಹೆಂಗಸೊಬ್ಬಳು ಬೆಳಿಗ್ಗೆ ಬಂದವಳೇ, "ಅಮ್ಮಾ, ಹಳ್ಳದ ಮೇಲಿನ ದಾರಿಯಲ್ಲಿ ಮುಸಿಯ ಸತ್ತು ಬಿದ್ದಿದೆ. ಮೂಗಿನಲ್ಲಿ ರಕ್ತವಿದೆ" ಎಂದಳು. ಕೂಡಲೇ ಒಂದು ಕಚೇರಿಗೆ ಫೋನ್ ಮಾಡಿದೆ. ಅದು ತಮ್ಮ ಕೆಲಸವಲ್ಲ, ಕಾಡುಪ್ರಾಣಿಯಾದ್ದರಿಂದ ಇನ್ನೊಂದು ಇಲಾಖೆಗೆ ಸೇರಿದ್ದು ಎಂದರು. ಆ ಇನ್ನೊಂದು ಕಡೆ ಕೇಳಿದರೆ, ಮರಣೋತ್ತರ ಪರೀಕ್ಷೆ ಮಾಡುವವರು ಬೇರೆಯವರು, ಅವರು ಬರುವುದಾದರೆ ನಾವು ಬರುತ್ತೇವೆ ಎಂದರು. ಪರೀಕ್ಷೆ ಮಾಡುವವರು ವಾಹನ ಎಲ್ಲೋ ಹೋಗಿದೆ ಎಂದರು. ನಾಲ್ಕನೆಯ ಕಡೆಯವರು ಮಾತ್ರ ನಯವಾಗಿ, "ಬರವಣಿಗೆಯಲ್ಲಿ ಒಂದು ಅರ್ಜಿ ಕೊಡಿ" ಎಂದು ಹೇಳಿದರು. ಸತ್ತ ಮುಸಿಯದ ಪರವಾಗಿ ಅರ್ಜಿ ಬರೆಯುವುದು ಹೇಗೆಂದು ನನಗೆ ಹೊಳೆಯಲಿಲ್ಲ. ಕೊನೆಗೆ ಎಲ್ಲರೂ ಕೂಡಿ ಬರುವಷ್ಟರಲ್ಲಿ ಶವ ಕೊಳೆತು, ಅರ್ಧ ನಾಯಿಗಳ ಪಾಲಾಗಿತ್ತು. ಮಾದರಿ ತೆಗೆಯುವ ಸ್ಥಿತಿ ಇರಲಿಲ್ಲ. ಮಾದರಿ ಇಲ್ಲವೆಂದ ಮೇಲೆ ವರದಿ ಇಲ್ಲ, ವರದಿ ಇಲ್ಲವೆಂದ ಮೇಲೆ ಪುಡಿಯೂ ಇಲ್ಲ. ಕಡತದ ಪ್ರಕಾರ ನಮ್ಮ ಊರಿನಲ್ಲಿ ಆ ವರ್ಷ ಕಾಯಿಲೆಯಿಂದ ಒಂದು ಮಂಗವೂ ಸಾಯಲಿಲ್ಲ.

ಆ ದಾರಿಗೆ ನಾವೇ ಮುಳ್ಳು ಅಡ್ಡ ಇಟ್ಟೆವು, ಆ ಬದಿಯ ದರಕು ಗುಡಿಸಬೇಡಿರೆಂದು ಮನೆಮನೆಗೆ ಹೇಳಿದೆವು. ಜ್ವರ ಯಾರಿಗೂ ಬರಲಿಲ್ಲ. ಆ ಮುಸಿಯಕ್ಕೆ ಕಾಯಿಲೆ ಇತ್ತೋ ಇಲ್ಲವೋ ಎಂಬುದೂ ಕೊನೆಯವರೆಗೆ ತಿಳಿಯಲಿಲ್ಲ.

ಯಾವ ಇಲಾಖೆಯ ಮೇಲೂ ದೂರು ಹೇಳಿ ಹಗುರಾಗುವ ಆಸೆ ನನಗಿಲ್ಲ. ಬಂದವರಲ್ಲಿ ಬಿಸಿಲಿಗೆ ಬೆಂದ ಕಿರಿಯ ಸಿಬ್ಬಂದಿಯೇ ಹೆಚ್ಚು. ಒಂದು ಪ್ರಾಣಿಯ ಸಾವನ್ನು ಅರಣ್ಯ, ಪಶುಸಂಗೋಪನೆ, ಆರೋಗ್ಯ, ಪಂಚಾಯಿತಿ ಎಂದು ನಾಲ್ಕು ಪಾಲು ಮಾಡಿ ಹಂಚಿರುವುದೇ ತಾಪತ್ರಯ. ಸೀಸನ್ನಿನ ಆರು ತಿಂಗಳ ಮಟ್ಟಿಗಾದರೂ ತಾಲ್ಲೂಕಿಗೆ ಒಬ್ಬ ವ್ಯಕ್ತಿ, ಒಂದು ಫೋನ್ ನಂಬರ್, ಒಂದು ವಾಹನ ಇರಲಿ. ಉಳಿದ ಮೂವರನ್ನು ಕರೆದು ತರುವುದು ಆ ವ್ಯಕ್ತಿಯ ಜವಾಬ್ದಾರಿಯಾಗಲಿ, ಫೋನ್ ಮಾಡಿದವರದ್ದಲ್ಲ.

ಮಂಗದ ಸಾವಿಗೆ ಇಷ್ಟು ಮಹತ್ವ ಏಕೆಂದು ಕೇಳುವವರು ಈ ರೋಗ ಪತ್ತೆಯಾದ ಕತೆಯನ್ನೇ ನೋಡಬಹುದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದವು, ಸುತ್ತಲ ಹಳ್ಳಿಗಳಲ್ಲಿ ಜನರಿಗೆ ವಿಚಿತ್ರ ಜ್ವರ ಬರುತ್ತಿತ್ತು. ದಕ್ಷಿಣ ಅಮೆರಿಕದಲ್ಲಿ ಹಳದಿ ಜ್ವರ ಬಂದಾಗ ಹೀಗೇ ಮಂಗಗಳು ಸಾಯುತ್ತವೆ. ಆ ರೋಗ ಭಾರತಕ್ಕೂ ಕಾಲಿಟ್ಟಿತೇ ಎಂಬ ಗಾಬರಿಯಲ್ಲಿ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಇಲ್ಲಿಗೆ ಧಾವಿಸಿದರು. ಸಿಕ್ಕಿದ ವೈರಸ್ ಬೇರೆಯೇ ಆಗಿತ್ತು, ರಷ್ಯಾದ ಕಡೆ ಉಣುಗಿನಿಂದ ಹರಡುವ ಮಿದುಳು ಜ್ವರದ ಬಂಧು. ವಲಸೆ ಹಕ್ಕಿಗಳ ಮೈಮೇಲೆ ಬಂದಿರಬಹುದೇ ಎಂದು ಪಕ್ಷಿತಜ್ಞ ಸಲೀಂ ಅಲಿಯವರ ತಂಡ ಹಕ್ಕಿಗಳನ್ನೂ ಪರೀಕ್ಷಿಸಿತು. ಇದೆಲ್ಲ ಶುರುವಾದದ್ದು ಸತ್ತ ಮಂಗಗಳ ಸುದ್ದಿಯನ್ನು ಯಾರೋ ಗಂಭೀರವಾಗಿ ತೆಗೆದುಕೊಂಡಿದ್ದರಿಂದ. ಇವತ್ತಿಗೂ ಆ ವೈರಸ್‌ಗೆ ಕ್ಯಾಸನೂರಿನ ಹೆಸರೇ ಇದೆ. 1983ರ ಹೊತ್ತಿಗೆ ಬೆಳ್ತಂಗಡಿ ತಾಲ್ಲೂಕಿನ ಪಟ್ರಮೆ ಕಡೆ ಗೇರು ನೆಡಲು ಕಾಡು ಕಡಿದ ಪ್ರದೇಶದಲ್ಲಿ ದೊಡ್ಡದಾಗಿ ಕಾಣಿಸಿಕೊಂಡಿತು. 2012ರಲ್ಲಿ ಬಂಡೀಪುರ, ಆ ಮೇಲೆ ವಯನಾಡು, ಗೋವಾ, ಸಿಂಧುದುರ್ಗ. 2018ರ ಕೊನೆಯಿಂದ ನಮ್ಮ ತಾಲ್ಲೂಕಿನ ಅರಳಗೋಡಿನ ಸುತ್ತ ಇದೇ ಕಾಯಿಲೆಯಿಂದ ಆದ ಸಾವುನೋವನ್ನು ಈ ಸೀಮೆಯವರಿಗೆ ನೆನಪಿಸಬೇಕಾಗಿಲ್ಲ. ಸಾಲು ಸಾಲಾಗಿ ಆಂಬುಲೆನ್ಸ್‌ಗಳು ಮಣಿಪಾಲದ ದಾರಿ ಹಿಡಿದದ್ದನ್ನು ಕಂಡವರು ನಾವು.

ಇನ್ನು ಲಸಿಕೆ. ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲಿ ತಯಾರಾಗುತ್ತಿದ್ದ ಲಸಿಕೆಯನ್ನು ನಾವೆಲ್ಲ ಹಾಕಿಸಿಕೊಂಡವರೇ. ತಿಂಗಳ ಅಂತರದಲ್ಲಿ ಎರಡು ಸಲ, ಆರರಿಂದ ಒಂಬತ್ತು ತಿಂಗಳೊಳಗೆ ಮತ್ತೊಮ್ಮೆ, ಆ ಮೇಲೆ ವರ್ಷಕ್ಕೊಂದು. ಸೂಜಿ ಹಾಕಿದ ತೋಳು ಎರಡು ದಿನ ಎತ್ತಲಾಗುತ್ತಿರಲಿಲ್ಲ. ದಿನಗೂಲಿಯವರು ಎರಡನೆಯ ಸಲ ಬಾರದಿರಲು ಅದೇ ದೊಡ್ಡ ಕಾರಣ. ಅದನ್ನು ಅಜ್ಞಾನ ಎಂದು ಬರೆದವರ ಬಗ್ಗೆ ನನಗೆ ಸಿಟ್ಟಿದೆ. 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಎರಡು ಡೋಸ್‌ನಿಂದ ಸಿಗುತ್ತಿದ್ದ ರಕ್ಷಣೆ ಶೇ 62ರಷ್ಟು, ಬೂಸ್ಟರ್ ಸೇರಿದರೆ ಶೇ 83ರಷ್ಟು. ಆ ಬಳಿಕ ಲಸಿಕೆಯ ಸಾಮರ್ಥ್ಯವೇ ಸಾಲದೆಂದು ಕಂಡುಬಂದು 2022ರಲ್ಲಿ ಕೊಡುವುದನ್ನು ನಿಲ್ಲಿಸಿದರು. ಕೆಲಸ ಮಾಡದ ಲಸಿಕೆಯನ್ನು ನಿಲ್ಲಿಸಿದ್ದು ಸರಿಯೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಕೂಡಿ ಹೊಸ ಲಸಿಕೆ ಸಿದ್ಧಪಡಿಸುವ ಕೆಲಸ ಹಿಡಿದಿವೆ. ಬರಲಿ, ಬಂದ ದಿನ ತೋಳು ಕೊಡುವವರ ಸಾಲಿನಲ್ಲಿ ನಾನೂ ಇರುತ್ತೇನೆ. ಅದು ನಮ್ಮ ಉಪಕೇಂದ್ರದ ಬಾಗಿಲಿಗೆ ಬರುವವರೆಗೆ ನಮಗಿರುವುದು ಎಣ್ಣೆ, ಎಚ್ಚರ ಮತ್ತು ಸತ್ತ ಮಂಗದ ಸುದ್ದಿ, ಈ ಮೂರೇ.

ಈಗ ಎಣ್ಣೆ. ಮೊದಲು ಡಿಎಂಪಿ ಎಂದು ಕೊಡುತ್ತಿದ್ದರು, ಈಗ ಡೆಪಾ. ಹಚ್ಚಿಕೊಂಡರೆ ಉಣುಗು ಮೈಗೆ ಹತ್ತುವುದು ಕಡಿಮೆಯಾಗುತ್ತದೆ, ಆದರೆ ಕೆಲವು ಗಂಟೆ ಮಾತ್ರ. ಬೆವರು ಹರಿದರೆ ಇನ್ನೂ ಬೇಗ ಇಳಿಯುತ್ತದೆ. ಆಶಾ ಕಾರ್ಯಕರ್ತೆ ಬಾಟಲಿ ಕೊಡುವಾಗ ಕೈಕಾಲಿಗೆ ಹಚ್ಚಿಕೊಳ್ಳಿ ಎನ್ನುತ್ತಾಳೆ. ನಮ್ಮ ಕೆಲಸದವರು ಕಾಲಿಗೆ ಹಚ್ಚಿಕೊಳ್ಳುತ್ತಾರೆ, ಕೈಗೆ ಮಾತ್ರ ಬೇಡ ಎನ್ನುತ್ತಾರೆ. ಕಾರಣ ಕೇಳಿದರೆ ಕವಳ. ಎಲೆಗೆ ಸುಣ್ಣ ಹಚ್ಚಿ ಬಾಯಿಗಿಡುವ ಬೆರಳಿನಲ್ಲಿ ಆ ಎಣ್ಣೆಯ ವಾಸನೆ ಬಂದರೆ ದಿನವಿಡೀ ವಾಕರಿಕೆಯಂತೆ. ಇದು ಯಾವ ಕರಪತ್ರದಲ್ಲೂ ಇಲ್ಲ. ನಾವು ಕಂಡುಕೊಂಡ ಉಪಾಯ ಇಷ್ಟು: ಅಂಗೈ, ಬೆರಳು ಬಿಟ್ಟು ಮಣಿಕಟ್ಟಿನಿಂದ ಮೇಲೆ ಹಚ್ಚುವುದು, ಕುತ್ತಿಗೆಯ ಹಿಂಭಾಗ ಮತ್ತು ಸೊಂಟದ ಸುತ್ತ ಮರೆಯದಿರುವುದು, ಮಧ್ಯಾಹ್ನದ ಊಟದ ಮೇಲೆ ಇನ್ನೊಮ್ಮೆ ಹಚ್ಚುವುದು. ಕುಳಿತುಕೊಳ್ಳಲು ಗೊಬ್ಬರದ ಖಾಲಿ ಚೀಲ ಕೊಟ್ಟಿದ್ದೇನೆ. ಎಲೆಯ ಮೇಲೆ ನೇರ ಕೂರುವಂತಿಲ್ಲ. ಮನೆಗೆ ಬಂದವರು ಅಂಗಳದಿಂದ ನೇರ ಬಚ್ಚಲಿಗೆ. ಬಟ್ಟೆ ಬಿಸಿನೀರಿನ ಹಂಡೆಗೆ. ಹಂಡೆಯ ಒಲೆ ಹೇಗೂ ಉರಿಯುತ್ತಿರುತ್ತದೆ, ಹೆಚ್ಚಿನ ಖರ್ಚಿಲ್ಲ.

ತಂದ ದರಕನ್ನು ಕೊಟ್ಟಿಗೆಗೆ ಅಂಟಿಸಿ ರಾಶಿ ಹಾಕುವ ರೂಢಿಯನ್ನೂ ಬಿಡಬೇಕು; ಹೊರೆಯ ಜೊತೆ ಉಣುಗು ದನದ ಹತ್ತಿರಕ್ಕೆ, ಹಾಲು ಕರೆಯುವವರ ಹತ್ತಿರಕ್ಕೆ ಬರುತ್ತದೆ. ದನಗಳಿಗೆ ಈ ಕಾಯಿಲೆ ಬಾಧಿಸುವುದಿಲ್ಲ, ಆದರೆ ದೊಡ್ಡ ಉಣುಗಿಗೆ ಹೊಟ್ಟೆ ತುಂಬಿಸುವುದು ಅವೇ. ಬೆನ್ನಿಗೆ ಸುರಿಯುವ ಫ್ಲುಮೆಥ್ರಿನ್ ಔಷಧಿ, ಐವರ್‌ಮೆಕ್ಟಿನ್ ಇಂಜೆಕ್ಷನ್ ಪಶು ವೈದ್ಯರ ಬಳಿ ಇವೆ. ಅವನ್ನು ಮಳೆಗಾಲದಲ್ಲೇ, ಹಳ್ಳಿಯ ಎಲ್ಲ ದನಗಳಿಗೂ ಒಟ್ಟಿಗೆ ಕೊಟ್ಟರೆ ಲಾಭ. ಒಬ್ಬರ ಕೊಟ್ಟಿಗೆಗೆ ಮಾತ್ರ ಹಾಕಿದರೆ ಪಕ್ಕದವರ ದನ ಅದೇ ಬೆಟ್ಟದಲ್ಲಿ ಮೇಯುತ್ತದಲ್ಲ.

ಜ್ವರದ ವಿಷಯದಲ್ಲಿ ನಮ್ಮ ಜನ ಇನ್ನೂ ಎಡವುತ್ತಿದ್ದಾರೆ. ಉಣುಗು ಕಚ್ಚಿದ ಮೂರರಿಂದ ಎಂಟು ದಿನದೊಳಗೆ ಒಮ್ಮೆಲೇ ಜೋರು ಜ್ವರ, ತಲೆ ಸಿಡಿಯುವ ನೋವು, ಸೊಂಟ ಮತ್ತು ಮೀನಖಂಡದಲ್ಲಿ ಎದ್ದು ನಿಲ್ಲಲಾಗದ ನೋವು. ಕೆಲವರಿಗೆ ವಾಂತಿ ಭೇದಿ, ವಸಡು ಮೂಗಿನಿಂದ ರಕ್ತ. ಡೆಂಗಿಗೂ ಇಲಿಜ್ವರಕ್ಕೂ ಇದಕ್ಕೂ ಮೊದಲ ದಿನಗಳಲ್ಲಿ ಕಣ್ಣಳತೆಯಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಆದ್ದರಿಂದ ಡಾಕ್ಟರು ಕೇಳಲಿ ಬಿಡಲಿ, "ನಾನು ಇಂಥ ಕಡೆ ದರಕಿಗೆ ಹೋಗಿದ್ದೆ, ಅಲ್ಲಿ ಮಂಗ ಸತ್ತಿತ್ತು" ಎಂದು ನಾವೇ ಹೇಳಬೇಕು. ಮೈಕೈ ನೋವೆಂದು ಪೇಟೆಯಲ್ಲಿ ನೋವಿನ ಸೂಜಿ ಹಾಕಿಸಿಕೊಂಡು ಬರುವ ಚಾಳಿ ಇಲ್ಲಿ ಅಪಾಯಕಾರಿ. ರಕ್ತ ಸೋರುವ ಸಂಭವವಿರುವ ಜ್ವರದಲ್ಲಿ ಆಸ್ಪಿರಿನ್ ಜಾತಿಯ ನೋವುನಿವಾರಕಗಳು ಕೂಡದು. ಮೊದಲ ವಾರದಲ್ಲಿ ರಕ್ತದಲ್ಲಿ ವೈರಸ್ಸನ್ನೇ ಹುಡುಕುವ ಪಿಸಿಆರ್ ಪರೀಕ್ಷೆ ಹೊಂದುತ್ತದೆ, ಅನಂತರ ಮೈಯಲ್ಲಿ ಹುಟ್ಟಿದ ಪ್ರತಿಕಾಯ ಹುಡುಕುವ ಐಜಿಎಂ ಪರೀಕ್ಷೆ. ಜ್ವರ ಎಂದು ಶುರುವಾಯಿತೆಂದು ಸರಿಯಾಗಿ ಹೇಳಿದರೆ ಅರ್ಧ ಕೆಲಸವಾದಂತೆ. ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ. ನೀರಿನಂಶ, ರಕ್ತದೊತ್ತಡ, ಪ್ಲೇಟ್‌ಲೆಟ್ ನೋಡಿಕೊಂಡು ದೇಹವನ್ನು ಕಾಯುವುದೇ ಚಿಕಿತ್ಸೆ. ಹೊತ್ತಿಗೆ ಆಸ್ಪತ್ರೆ ಸೇರಿದವರಲ್ಲಿ ಬಹಳ ಮಂದಿ ಉಳಿಯುತ್ತಾರೆ. ಒಟ್ಟಾರೆ ನೂರಕ್ಕೆ ಮೂರರಿಂದ ಐದು ಜನ ಸಾಯುತ್ತಾರೆ ಎಂಬುದು ಸಣ್ಣ ಲೆಕ್ಕವೂ ಅಲ್ಲ.

ಜ್ವರ ಬಿಟ್ಟಿತೆಂದು ಕತ್ತಿ ಹಿಡಿದು ತೋಟಕ್ಕಿಳಿಯುವವರಿಗೆ ಇನ್ನೊಂದು ಮಾತು. ನೂರರಲ್ಲಿ ಹತ್ತಿಪ್ಪತ್ತು ಜನರಿಗೆ ಒಂದೆರಡು ವಾರ ಬಿಟ್ಟು ಮತ್ತೆ ಜ್ವರ ಮರುಕಳಿಸುತ್ತದೆ. ಆಗ ತಲೆನೋವಿನ ಜೊತೆ ಕುತ್ತಿಗೆ ಬಿಗಿತ, ಕೈ ನಡುಕ, ಮಾತು ತಪ್ಪುವುದು ಕಂಡರೆ ಮನೆಯಲ್ಲಿ ಕೂರುವಂತಿಲ್ಲ. ನಮ್ಮ ನೆಂಟರಲ್ಲೊಬ್ಬರಿಗೆ ಹೀಗಾಗಿ, ಕೊಟ್ಟ ಲೋಟದ ಕಾಫಿಯನ್ನು ತುಳುಕಿಸದೆ ಹಿಡಿಯಲು ಮಳೆಗಾಲ ಬರಬೇಕಾಯಿತು. ಅವರ ಮನೆಗೆ ಆ ಬೇಸಿಗೆಯಲ್ಲಿ ಯಾರೂ ಹೋಗಲಿಲ್ಲ ಎಂಬುದು ನೋವಿಗಿಂತ ಹೆಚ್ಚಾಗಿ ಅವರ ಮನಸ್ಸಿನಲ್ಲಿ ಉಳಿದಿದೆ. ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವ ಕಾಯಿಲೆ ಅಲ್ಲ. ರೋಗಿಯ ತಟ್ಟೆ, ಹಾಸಿಗೆ, ಉಸಿರಿನಿಂದ ಯಾರಿಗೂ ಬರುವುದಿಲ್ಲ. ಗಂಜಿ ತೆಗೆದುಕೊಂಡು ಹೋಗಿ ಮಾತಾಡಿಸಿ ಬರಬಹುದು.

ಮಂಗಗಳನ್ನು ಹಿಡಿಸಿ ರಾತ್ರೋರಾತ್ರಿ ದೂರದ ಕಾಡಿಗೆ ಬಿಟ್ಟು ಬರುವ ದಂಧೆಯ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಬಾಳೆ, ಏಲಕ್ಕಿ, ಎಳೆ ಅಡಿಕೆ ಎಲ್ಲವನ್ನೂ ಹಾಳು ಮಾಡುವ ಅವುಗಳ ಕಾಟ ನನಗೇನು ಹೊಸದಲ್ಲ, ಬೈಯದ ದಿನವಿಲ್ಲ. ಹಾಗೆಂದು ಇಲ್ಲಿನ ಹಿಂಡನ್ನು ಮೈಮೇಲಿನ ಉಣುಗಿನ ಸಮೇತ ಇನ್ನೊಂದು ಊರಿನವರ ಬೆಟ್ಟಕ್ಕೆ ಸಾಗಿಸಿದರೆ ನಾವು ಅವರಿಗೆ ಏನನ್ನು ಕೊಟ್ಟಂತಾಯಿತು? ಅವರೂ ಪಿಕಪ್ ಗಾಡಿಯಲ್ಲಿ ತಮ್ಮವನ್ನು ನಮ್ಮ ಬೆಟ್ಟಕ್ಕೆ ಬಿಡುತ್ತಿದ್ದಾರೆ ಎಂಬ ಗುಮಾನಿ ನನಗಿದೆ.

ಕೊನೆಯದಾಗಿ ನಿಮ್ಮಲ್ಲೇ ಒಂದು ಬೇಡಿಕೆ. ಮಲೆನಾಡಿನಲ್ಲಿ ನಿಮ್ಮ ಪತ್ರಿಕೆ ಬಿಚ್ಚಿದವರು ಮೊದಲು ನೋಡುವುದು ಮುಖಪುಟವನ್ನಲ್ಲ, ಅಡಿಕೆ ಧಾರಣೆಯನ್ನು. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಅಷ್ಟು ಸಣ್ಣ ಅಕ್ಷರದಲ್ಲಿ ಹಾಕಿದರೂ ಕನ್ನಡಕ ಹುಡುಕಿ ಓದುತ್ತಾರೆ. ಅದರ ಪಕ್ಕದಲ್ಲಿ ನವೆಂಬರಿನಿಂದ ಮೇವರೆಗೆ ಎರಡು ಬೆರಳಗಲದ ಒಂದು ಚೌಕ ಕೊಡಿ. ಮಂಗ ಸತ್ತ ಗ್ರಾಮ, ಯಾವ ಬದಿಯ ಕಾಡು, ಕಂಡ ದಿನ, ಮಾದರಿ ಹೋಯಿತೋ ಇಲ್ಲವೋ, ಪುಡಿ ಹಾಕಿದರೋ ಇಲ್ಲವೋ, ಇಷ್ಟೇ ಸಾಕು. ಜನ ಹೆದರುತ್ತಾರೆ ಎಂದು ಅಧಿಕಾರಿಗಳು ಹೇಳಬಹುದು. ಯಾವ ಬೆಟ್ಟ ಬಿಡಬೇಕೆಂದು ಗೊತ್ತಿರುವವರು ಉಳಿದ ಬೆಟ್ಟಕ್ಕೆ ಧೈರ್ಯವಾಗಿ ಹೋಗುತ್ತಾರೆ. ಏನೂ ಗೊತ್ತಿಲ್ಲದವರೇ ವಾಟ್ಸ್‌ಆ್ಯಪ್ ನೋಡಿ ಹೆದರುವುದು. ಸಾಗರ, ಹೊಸನಗರ, ತೀರ್ಥಹಳ್ಳಿ, ಸೊರಬ, ಉತ್ತರ ಕನ್ನಡದ ಸಿದ್ದಾಪುರ, ಇಷ್ಟು ತಾಲ್ಲೂಕುಗಳಿಂದ ಸುದ್ದಿ ತರಿಸುವುದು ನಿಮ್ಮ ಸುದ್ದಿಗಾರರಿಗೆ ಕಷ್ಟವಲ್ಲ. ಪ್ರಯೋಗಾಲಯದ ಫಲಿತಾಂಶ ಬಂದರೆ ಅದನ್ನೂ ಹಾಕಿ, ಬಾರದಿದ್ದರೆ ಇನ್ನೂ ಬಂದಿಲ್ಲ ಎಂದೇ ದಿನಾಲೂ ಹಾಕುತ್ತಿರಿ. ನಮ್ಮ ಗ್ರಾಮದ ಮಟ್ಟಿಗೆ ಸುದ್ದಿ ಮುಟ್ಟಿಸುವ ಕೆಲಸ ನನಗಿರಲಿ. ಯಾವ ನಂಬರಿಗೆ ಕಳಿಸಬೇಕೆಂದು ತಿಳಿಸಿ.

ಇತಿ,
ಅಡಿಕೆ ಬೆಳೆಗಾರ್ತಿ,
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ